ಈಟಿಂಗ್ ಡಿಸಾರ್ಡರ್: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಈಟಿಂಗ್ ಡಿಸಾರ್ಡರ್ ಅಂದರೆ ಊಟದ ಜೊತೆಗಿನ ನಂಟೇ ಕೆಟ್ಟುಹೋಗುವ ಮಾನಸಿಕ ಕಾಯಿಲೆ. ಈ ಪುಟ ಮುಖ್ಯವಾಗಿ ಅಪ್ಪ ಅಮ್ಮ, ಅಕ್ಕ ತಮ್ಮ, ಗಂಡ ಹೆಂಡತಿ, ಹಾಸ್ಟೆಲ್ ರೂಮ್‌ಮೇಟ್‌ಗಳಿಗಾಗಿ. ಕಾಯಿಲೆ ಇರುವವರೂ ಓದಬಹುದು. ಅದಕ್ಕೇ ತೂಕದ ಅಂಕಿ, ಕ್ಯಾಲೊರಿ ಲೆಕ್ಕ ಯಾವುದನ್ನೂ ಇಲ್ಲಿ ಹಾಕಿಲ್ಲ. ಓದಿ ನೀವೇ ಕಾಯಿಲೆ ತೀರ್ಮಾನ ಮಾಡಬೇಡಿ. ಡಾಕ್ಟರ ಹತ್ತಿರ ಯಾವಾಗ ಹೋಗಬೇಕು, ಹೋದಾಗ ಏನು ಹೇಳಬೇಕು ಅನ್ನೋದು ಗೊತ್ತಾದರೆ ಸಾಕು.

ಇದು ನಿಜವಾಗಿ ಕಾಯಿಲೆನಾ? ಬರೀ ಹಠ ಅಲ್ವಾ?

ಕಾಯಿಲೆನೇ. ಹಠ ಮಾಡುವ ಮಗು ಹಸಿವಾದಾಗ ತಿನ್ನುತ್ತೆ. ಇಲ್ಲಿ ಹಸಿವಾದಷ್ಟೂ ತಿನ್ನುವ ಭಯ ಜಾಸ್ತಿ ಆಗುತ್ತೆ. ಮಾನಸಿಕ ಕಾಯಿಲೆಗಳ ಪೈಕಿ ಅತಿ ಹೆಚ್ಚು ಸಾವು ತರುವವುಗಳಲ್ಲಿ ಅನೊರೆಕ್ಸಿಯಾ (ತಿನ್ನುವುದನ್ನೇ ತೀರಾ ಕಡಿಮೆ ಮಾಡುವ ಬಗೆ) ಒಂದು. ಕೆಲವರು ಹೃದಯ ನಿಂತು ಸಾಯುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅನೊರೆಕ್ಸಿಯಾದಿಂದ ತೀರಿಕೊಂಡವರಲ್ಲಿ ಐವರಲ್ಲಿ ಒಬ್ಬರದು ಆತ್ಮಹತ್ಯೆ ಎಂದು ಕಂಡುಬಂದಿದೆ.

‘ಇದೆಲ್ಲ ಇನ್‌ಸ್ಟಾಗ್ರಾಮ್ ಬಂದ ಮೇಲಿನ ಕಥೆ’ ಅನ್ನುವವರಿಗೆ ಒಂದು ಮಾತು. ಪ್ಯಾರಿಸ್‌ನ ವೈದ್ಯ ಷಾರ್ಲ್ ಲಸೇಗ್ ಇದರ ಬಗ್ಗೆ ಬರೆದದ್ದು 1873ರಲ್ಲಿ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಲಂಡನ್ನಿನ ವಿಲಿಯಂ ಗಲ್ ‘ಅನೊರೆಕ್ಸಿಯಾ ನರ್ವೋಸಾ’ ಅನ್ನುವ ಹೆಸರು ಕೊಟ್ಟರು.

ಎಷ್ಟು ಬಗೆ ಇವೆ?

ಮುಖ್ಯವಾದವು ನಾಲ್ಕು. ಅನೊರೆಕ್ಸಿಯಾದಲ್ಲಿ ತಿನ್ನುವುದು ತೀರಾ ಕಡಿಮೆಯಾಗಿ ತೂಕ ಇಳಿಯುತ್ತೆ, ಆದರೂ ‘ನಾನು ದಪ್ಪ’ ಅನ್ನೋ ಭಾವನೆ ಹೋಗಲ್ಲ. ಬುಲಿಮಿಯಾದಲ್ಲಿ ಹಿಡಿತ ತಪ್ಪಿ ಒಮ್ಮೆಲೇ ತಿನ್ನುವುದು, ಆಮೇಲೆ ವಾಂತಿ, ಉಪವಾಸ ಅಥವಾ ವಿಪರೀತ ವ್ಯಾಯಾಮದಿಂದ ಅದನ್ನು ‘ತೀರಿಸುವುದು’. ಇದನ್ನು ಬೇರೆ ಕಾಯಿಲೆ ಎಂದು 1979ರಲ್ಲಿ ಗುರುತಿಸಿದವರು ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್. ಬಿಂಜ್ ಈಟಿಂಗ್‌ನಲ್ಲಿ ಹಿಡಿತ ತಪ್ಪಿ ತಿನ್ನುವುದು ಇರುತ್ತೆ, ‘ತೀರಿಸುವುದು’ ಇರಲ್ಲ, ನಾಚಿಕೆ ಮಾತ್ರ ಬೆಟ್ಟದಷ್ಟು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಜಾಗ ಸಿಕ್ಕಿದ್ದು 2013ರಲ್ಲಿ. ನಾಲ್ಕನೆಯದು ಆರ್ಫಿಡ್. ತೂಕದ ಚಿಂತೆ ಇಲ್ಲಿಲ್ಲ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ ಅನ್ನೋ ಭಯ, ವಾಸನೆ, ಮೆತ್ತಗೆ ಅಥವಾ ಗಟ್ಟಿ ಇದೆ ಅನ್ನೋ ಕಾರಣಕ್ಕೆ ಬರೀ ಮೊಸರನ್ನ, ಬಿಸ್ಕತ್ತಿಗೆ ಇಳಿದುಬಿಡುವ ಮಕ್ಕಳು ಇವರು.

ಎಷ್ಟೋ ಜನ ಈ ನಾಲ್ಕರ ಮಧ್ಯೆ ಎಲ್ಲೋ ಇರುತ್ತಾರೆ. ಒಂದು ಹೆಸರಿಗೆ ಸರಿಯಾಗಿ ಹೊಂದಲ್ಲ ಅಂದ ಮಾತ್ರಕ್ಕೆ ಕಾಯಿಲೆ ಸಣ್ಣದಲ್ಲ.

ಮಗಳ ತೂಕ ಸರಿಯಾಗೇ ಇದೆ. ಆದರೂ ಇರಬಹುದಾ?

ಖಂಡಿತ ಇರಬಹುದು. ಬುಲಿಮಿಯಾ ಇರುವ ಬಹಳಷ್ಟು ಜನ ನೋಡೋಕೆ ಆರೋಗ್ಯವಾಗೇ ಕಾಣುತ್ತಾರೆ. ದಪ್ಪಗಿದ್ದವರು ಕೆಲವೇ ತಿಂಗಳಲ್ಲಿ ಸಿಕ್ಕಾಪಟ್ಟೆ ಇಳಿದರೆ, ಇಳಿದ ಮೇಲಿನ ತೂಕ ‘ನಾರ್ಮಲ್’ ಇದ್ದರೂ ದೇಹ ಹಸಿವಿನ ಸ್ಥಿತಿಯಲ್ಲೇ ಇರುತ್ತೆ. ಇವರ ಪಾಡು ನೋಡಿದರೆ ಬೇಜಾರಾಗುತ್ತೆ. ಮದುವೆ ಮನೆಯಲ್ಲಿ ಎಲ್ಲರೂ ‘ಎಷ್ಟು ಚೆನ್ನಾಗಿ ಇಳಿದಿದೀಯಾ, ಏನು ಮಾಡಿದೆ ಹೇಳು’ ಅಂತ ಹೊಗಳುತ್ತಾರೆ. ಕಾಯಿಲೆಗೆ ಚಪ್ಪಾಳೆ ಸಿಕ್ಕ ಹಾಗಾಯ್ತು.

ಇದು ವಿದೇಶದ ಕಾಯಿಲೆ ಅಲ್ವಾ? ನಮ್ಮ ಕಡೆ ಎಲ್ಲಿದೆ?

ಇದೆ, ಬೇರೆ ವೇಷದಲ್ಲಿ. ಬೆಂಗಳೂರಿನ ಮನೋವೈದ್ಯರನ್ನು ಕೇಳಿ ಮಾಡಿದ ಒಂದು ಸಮೀಕ್ಷೆ 2012ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು ಮೂರನೇ ಎರಡರಷ್ಟು ವೈದ್ಯರು ಕನಿಷ್ಠ ಒಂದಾದರೂ ಕೇಸ್ ನೋಡಿದ್ದೇವೆ ಅಂದಿದ್ದರು.

ವೇಷ ಅಂದೆನಲ್ಲ, ಅದು ಮುಖ್ಯ. ಪುಸ್ತಕದಲ್ಲಿರುವ ಹುಡುಗಿ ‘ನಾನು ದಪ್ಪ’ ಅನ್ನುತ್ತಾಳೆ. ನಮ್ಮ ಹುಡುಗಿ ಹಾಗನ್ನದೇ ಇರಬಹುದು. ‘ಹೊಟ್ಟೆ ಉಬ್ಬರ’, ‘ಗ್ಯಾಸ್ಟ್ರಿಕ್’, ‘ಊಟ ಸೇರಲ್ಲ’, ‘ತಿಂದರೆ ಎದೆ ಮೇಲೆ ಕೂತಂಗಾಗುತ್ತೆ’ ಅನ್ನುತ್ತಾಳೆ. ಹಾಂಗ್‌ಕಾಂಗ್‌ನಲ್ಲಿ ಮನೋವೈದ್ಯ ಸಿಂಗ್ ಲೀ 1990ರ ದಶಕದಲ್ಲಿ ಇದನ್ನೇ ಬರೆದರು: ಅವರ ಬಳಿ ಬಂದ ಅನೊರೆಕ್ಸಿಯಾ ರೋಗಿಗಳಲ್ಲಿ ಎಷ್ಟೋ ಜನಕ್ಕೆ ದಪ್ಪಗಾಗುವ ಭಯವೇ ಇರಲಿಲ್ಲ, ಹೊಟ್ಟೆ ಉಬ್ಬರವೇ ಅವರ ದೂರು. ಭಾರತದ ವೈದ್ಯರೂ ಇಂಥ ಕೇಸುಗಳನ್ನು ದಾಖಲಿಸಿದ್ದಾರೆ.

ಇದರಿಂದ ಏನಾಗುತ್ತೆ ಅಂದರೆ, ಮಗು ಮೊದಲು ಫ್ಯಾಮಿಲಿ ಡಾಕ್ಟರ ಹತ್ತಿರ ಹೋಗುತ್ತೆ, ಆಮೇಲೆ ಗ್ಯಾಸ್ಟ್ರೋ, ಎಂಡೋಸ್ಕೋಪಿ, ಮಧ್ಯೆ ಯಾರೋ ‘ದೃಷ್ಟಿ ಆಗಿದೆ’ ಅಂತ ತಾಯಿತ ಕಟ್ಟಿಸುತ್ತಾರೆ. ಇಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಹಾಗಂತ ಹೊಟ್ಟೆ ಉಬ್ಬರ ಸುಳ್ಳು ಅಂತಲ್ಲ. ಕಡಿಮೆ ತಿಂದು ತಿಂದು ಜಠರ ನಿಧಾನವಾಗುತ್ತೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತೆ. ತೂಕ ಇಳಿಯುತ್ತಿದ್ದರೆ ಟಿಬಿ, ಥೈರಾಯ್ಡ್, ಸಕ್ಕರೆ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ಅವು ಇಲ್ಲ ಅಂತಾದ ಮೇಲೂ ಅಲ್ಲೇ ಸುತ್ತಬೇಡಿ.

ನಮ್ಮ ಮನೆಯಲ್ಲಿ ವಾರಕ್ಕೊಂದು ಉಪವಾಸ ಇದ್ದೇ ಇದೆ. ವ್ರತ ಯಾವುದು, ಕಾಯಿಲೆ ಯಾವುದು?

ಒಳ್ಳೆಯ ಪ್ರಶ್ನೆ. ಏಕಾದಶಿ, ಸಂಕಷ್ಟಿ, ಶ್ರಾವಣ ಸೋಮವಾರ, ಶನಿವಾರದ ಒಪ್ಪತ್ತು, ರಂಜಾನ್ ಯಾವುದೂ ತಾನಾಗಿ ಕಾಯಿಲೆ ತರಲ್ಲ. ಆದರೆ ಊಟ ಬಿಡೋಕೆ ದಾರಿ ಹುಡುಕುತ್ತಿರುವವರಿಗೆ ಇಷ್ಟು ಮರ್ಯಾದಸ್ಥ ನೆಪ ಇನ್ನೊಂದು ಸಿಗಲ್ಲ. ಯಾರೂ ಪ್ರಶ್ನೆ ಕೇಳಲ್ಲ, ಅಜ್ಜಿ ಬೇರೆ ಮೆಚ್ಚಿಕೊಳ್ಳುತ್ತಾರೆ.

ವ್ರತಕ್ಕೆ ಮೊದಲಿದೆ, ಕೊನೆಯಿದೆ. ಏಕಾದಶಿ ಮಾಡಿದವರು ದ್ವಾದಶಿ ಬೆಳಿಗ್ಗೆ ಪಾರಣೆಗೆ ಕಾಯುತ್ತಿರುತ್ತಾರೆ. ರೋಜಾ ಇರುವವರು ಇಫ್ತಾರಿನ ಹೊತ್ತಿಗೆ ಖರ್ಜೂರ ಹಿಡಿದು ಕೂತಿರುತ್ತಾರೆ. ಕಾಯಿಲೆ ಇರುವವರಿಗೆ ಭಯ ಶುರುವಾಗೋದೇ ಆ ಹೊತ್ತಿಗೆ. ಪಾರಣೆ ತಪ್ಪಿಸಿಕೊಳ್ಳೋದು, ಫಲಾಹಾರವನ್ನೂ ಬೇಡ ಅನ್ನೋದು, ತಿಂಗಳಿಗೆ ಎರಡಿದ್ದ ಉಪವಾಸ ವಾರಕ್ಕೆ ಮೂರಾಗೋದು, ಹಬ್ಬದ ದಿನವೇ ‘ಹೊಟ್ಟೆ ಸರಿ ಇಲ್ಲ’ ಅನ್ನೋದು ಕಂಡರೆ ಗಮನ ಕೊಡಿ. ಕಾಯಿಲೆಯವರಿಗೆ, ಎಳೆಯರಿಗೆ ಉಪವಾಸದಿಂದ ರಿಯಾಯಿತಿ ಎಲ್ಲ ಸಂಪ್ರದಾಯಗಳಲ್ಲೂ ಇದೆ. ಬೇಕಾದರೆ ಮನೆಯ ಹಿರಿಯರಿಂದಲೋ ಮಠದವರಿಂದಲೋ ಮೌಲವಿಯವರಿಂದಲೋ ಆ ಮಾತು ಹೇಳಿಸಿ. ಅಮ್ಮ ಹೇಳಿದ್ದಕ್ಕಿಂತ ಅದಕ್ಕೆ ಬೆಲೆ ಜಾಸ್ತಿ ಇರಬಹುದು.

ತೂಕ ಇಳಿಸೋಕೆ ಗಂಟೆ ಲೆಕ್ಕದಲ್ಲಿ ಊಟ ಬಿಡುವ ‘ಇಂಟರ್‌ಮಿಟೆಂಟ್ ಫಾಸ್ಟಿಂಗ್’ಗೂ ಇದೇ ಮಾತು. ಅಲ್ಲಿ ರಿಯಾಯಿತಿ ಕೊಡುವ ಹಿರಿಯರೂ ಇರಲ್ಲ.

ಇದು ಯಾಕೆ ಬರುತ್ತೆ?

ಒಂದೇ ಕಾರಣ ಇಲ್ಲ. ಅವಳಿ ಮಕ್ಕಳ ಅಧ್ಯಯನಗಳು ಅನೊರೆಕ್ಸಿಯಾದಲ್ಲಿ ಸುಮಾರು ಅರ್ಧದಷ್ಟು ಪಾಲು ವಂಶವಾಹಿಗಳದ್ದು ಅನ್ನುತ್ತವೆ. 2019ರಲ್ಲಿ ಸುಮಾರು 17,000 ರೋಗಿಗಳ ಡಿಎನ್‌ಎ ಪರೀಕ್ಷಿಸಿದ ದೊಡ್ಡ ಅಧ್ಯಯನ ಈ ಕಾಯಿಲೆಗೆ ನಂಟಿರುವ ಎಂಟು ಜಾಗಗಳನ್ನು ಡಿಎನ್‌ಎಯಲ್ಲಿ ಗುರುತಿಸಿತು. ಅವುಗಳಿಗೆ ಮನಸ್ಸಿನ ಜೊತೆಗಷ್ಟೇ ಅಲ್ಲ, ದೇಹ ಆಹಾರವನ್ನು ಬಳಸಿಕೊಳ್ಳುವ ರೀತಿಯ ಜೊತೆಗೂ ನಂಟಿದೆ ಅಂತ ಕಂಡಿತು. ಇದರ ಮೇಲೆ ಸ್ವಭಾವ ಬರುತ್ತೆ: ಎಲ್ಲವೂ ಅಚ್ಚುಕಟ್ಟಾಗಿರಬೇಕು ಅನ್ನುವವರು, ಸಣ್ಣದಕ್ಕೂ ಆತಂಕಪಡುವವರು, 98 ಬಂದರೆ ಆ ಎರಡು ಎಲ್ಲಿ ಹೋಯ್ತು ಅಂತ ಅಳುವವರು. ಅದರ ಮೇಲೆ ವಯಸ್ಸು, ಪಿಯುಸಿ ಒತ್ತಡ, ಮನೆ ಬಿಟ್ಟು ಪಿಜಿಗೆ ಹೋಗೋದು, ಹೆಣ್ಣು ನೋಡುವ ಶಾಸ್ತ್ರ, ಕೆಲವರಿಗೆ ಹಿಂದೆ ಆದ ಹಿಂಸೆ ಅಥವಾ ದೌರ್ಜನ್ಯ.

ಮಾಧ್ಯಮದ ಪಾತ್ರ ಏನು ಅಂದರೆ ಫಿಜಿ ದೇಶದ ಉದಾಹರಣೆ ಇದೆ. ಅಲ್ಲಿ ತುಂಬಿದ ಮೈಯೇ ಚಂದ ಅನ್ನೋ ರೂಢಿ. ನಾದ್ರೋಗಾ ಪ್ರಾಂತ್ಯಕ್ಕೆ ಟಿವಿ ಬಂದದ್ದು 1995ರಲ್ಲಿ. ಆನ್ ಬೆಕರ್ ಅನ್ನುವ ಸಂಶೋಧಕಿ ಆ ವರ್ಷ ಶಾಲಾ ಹುಡುಗಿಯರನ್ನು ಕೇಳಿದಾಗ ತೂಕ ಇಳಿಸೋಕೆ ವಾಂತಿ ಮಾಡಿಕೊಳ್ಳುತ್ತೇವೆ ಅಂದವರು ಒಬ್ಬರೂ ಇರಲಿಲ್ಲ. 1998ರಲ್ಲಿ ಅದೇ ಪ್ರಶ್ನೆಗೆ ಶೇಕಡಾ 11.3ರಷ್ಟು ಹುಡುಗಿಯರು ಹೌದು ಅಂದರು.

ನನ್ನ ಪ್ರಕಾರ ಜನಕ್ಕೆ ಅತಿ ಕಡಿಮೆ ಗೊತ್ತಿರುವ ಕಾರಣ ಹಸಿವೇ. 1944–45ರಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಒಂದು ಪ್ರಯೋಗ ಮಾಡಿದರು. ಯುದ್ಧದಲ್ಲಿ ಬರಗೆಟ್ಟವರಿಗೆ ಹೇಗೆ ಮತ್ತೆ ಉಣಿಸಬೇಕು ಅಂತ ತಿಳಿಯುವುದು ಉದ್ದೇಶ. ಮನಸ್ಸು, ಮೈ ಎರಡೂ ಗಟ್ಟಿ ಇರುವ 36 ಯುವಕರನ್ನು ಆರಿಸಿ, 24 ವಾರ ಅವರ ಊಟವನ್ನು ಸುಮಾರು ಅರ್ಧಕ್ಕೆ ಇಳಿಸಿದರು. ಅವರಲ್ಲಿ ಯಾರಿಗೂ ತೆಳ್ಳಗಾಗುವ ಆಸೆ ಇರಲಿಲ್ಲ. ಆದರೂ ಅವರು ದಿನವಿಡೀ ಊಟದ ಬಗ್ಗೆಯೇ ಯೋಚಿಸತೊಡಗಿದರು. ಅಡುಗೆ ಪುಸ್ತಕ ಓದತೊಡಗಿದರು, ತಟ್ಟೆ ನೆಕ್ಕಿದರು, ಒಂದೊಂದು ತುತ್ತನ್ನೂ ಎಳೆದೆಳೆದು ತಿಂದರು. ಸ್ನೇಹಿತರನ್ನು ದೂರ ಮಾಡಿದರು, ಖಿನ್ನರಾದರು, ರೇಗಿದರು, ಬೇಸಿಗೆಯಲ್ಲೂ ಚಳಿ ಅಂದರು. ಊಟ ವಾಪಸ್ ಕೊಟ್ಟ ಮೇಲೆ ಕೆಲವರಿಗೆ ಎಷ್ಟು ತಿಂದರೂ ಹಸಿವು ಇಂಗದೆ ತಿಂಗಳುಗಟ್ಟಲೆ ಒದ್ದಾಟವಾಯಿತು.

ಈಗ ನಿಮ್ಮ ಮಗಳನ್ನು ನೆನೆಸಿಕೊಳ್ಳಿ. ತಾನು ತಿನ್ನದೆ ಮನೆಯವರಿಗೆಲ್ಲ ಕೇಕ್ ಮಾಡಿ ಬಡಿಸೋದು, ದಿನಪೂರ್ತಿ ಅಡುಗೆ ವಿಡಿಯೋ ನೋಡೋದು, ಚಪಾತಿಯನ್ನು ಚೂರು ಚೂರು ಮಾಡೋದು, ಸುಮ್ನೆ ಸಿಡುಕೋದು ‘ಅವಳು ಬದಲಾಗಿಬಿಟ್ಟಳು’ ಅಂತ ಕಾಣುತ್ತೆ. ಅದರಲ್ಲಿ ದೊಡ್ಡ ಪಾಲು ಹಸಿದ ಮಿದುಳಿನದು. ಒಂದು ಸಾಮಾನ್ಯ ಡಯಟ್, ಒಂದು ಜ್ವರ, ಒಂದು ಪರೀಕ್ಷೆಯ ತಿಂಗಳು ಇದಕ್ಕೆ ಬಾಗಿಲು ತೆಗೆಯಬಹುದು. ಸ್ವಭಾವ, ವಂಶವಾಹಿ ಎರಡೂ ಆ ಕಡೆ ಎಳೆಯುತ್ತಿದ್ದರೆ ವಾಪಸ್ ಬರೋದು ಕಷ್ಟವಾಗುತ್ತೆ.

ನಾವು ಬೆಳೆಸಿದ್ದರಲ್ಲಿ ತಪ್ಪಾಯ್ತಾ?

ಇಲ್ಲ. ಅಪ್ಪ ಅಮ್ಮನಿಂದ ಈ ಕಾಯಿಲೆ ಬರುತ್ತೆ ಅನ್ನೋ ಹಳೆಯ ವಾದವನ್ನು ವೈದ್ಯರು ಬಿಟ್ಟಾಗಿದೆ. ಮನೆಯ ಮಾತು ಲೆಕ್ಕಕ್ಕಿಲ್ಲ ಅಂತ ಮಾತ್ರ ಅಲ್ಲ. ‘ಗುಂಡಮ್ಮ’ ಅಂತ ಅಡ್ಡಹೆಸರಿಟ್ಟು ಕರೆಯೋದನ್ನು, ಊಟದ ತಟ್ಟೆ ನೋಡಿ ಕಾಮೆಂಟ್ ಮಾಡೋದನ್ನು ಇವತ್ತೇ ನಿಲ್ಲಿಸಿ. ಚಿಕ್ಕಪ್ಪ, ಅತ್ತೆಯರಿಗೂ ಹೇಳಿ.

ಹುಡುಗರಿಗೂ ಬರುತ್ತಾ?

ಬರುತ್ತೆ. ಬಿಂಜ್ ಈಟಿಂಗ್‌ನಲ್ಲಂತೂ ಗಂಡು ಹೆಣ್ಣಿನ ಅಂತರ ಕಡಿಮೆ. ಹುಡುಗರಲ್ಲಿ ಇದು ಜಿಮ್, ಪ್ರೋಟೀನ್ ಪೌಡರ್, ‘ಕಟಿಂಗ್’ (ಮೈ ಕೊಬ್ಬು ಇಳಿಸೋದು) ಅನ್ನೋ ಹೆಸರಲ್ಲಿ ಬರುತ್ತೆ, ಯಾರಿಗೂ ಅನುಮಾನ ಬರಲ್ಲ. ಜ್ವರ ಬಂದರೂ ವರ್ಕೌಟ್ ತಪ್ಪಿಸಲ್ಲ, ಹುಟ್ಟುಹಬ್ಬಕ್ಕೂ ಮನೆ ಊಟ ಮುಟ್ಟಲ್ಲ ಅಂದರೆ ಅದು ಶಿಸ್ತು ಅಲ್ಲ. ಓಟಗಾರರು, ಕುಸ್ತಿಪಟುಗಳು, ನೃತ್ಯ ಕಲಿಯುವವರ ಬಗ್ಗೆಯೂ ಎಚ್ಚರ ಬೇಕು, ಅದು ಹುಡುಗರಾದರೂ ಸರಿ ಹುಡುಗಿಯರಾದರೂ ಸರಿ. ಮೈ ಖರ್ಚು ಮಾಡಿದ ಶಕ್ತಿಗೆ ತಕ್ಕಷ್ಟು ತಿನ್ನದೆ ಹಾರ್ಮೋನು, ಮೂಳೆ ಕೆಡುವ ಈ ಸ್ಥಿತಿಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಬೇರೆ ಹೆಸರೇ ಕೊಟ್ಟಿದೆ.

ದೇಹಕ್ಕೆ ಏನೇನಾಗುತ್ತೆ?

ಹೊಟ್ಟೆಗಿಲ್ಲದಾಗ ದೇಹ ಕಡುಬಡವರ ಮನೆಯ ಹಾಗೆ ಖರ್ಚು ಇಳಿಸುತ್ತಾ ಹೋಗುತ್ತೆ. ನಾಡಿ ನಿಧಾನ, ಬಿಪಿ ಕಡಿಮೆ, ಕೈಕಾಲು ತಣ್ಣಗೆ. ಕೂದಲು ಉದುರುತ್ತೆ, ಆದರೆ ಬೆನ್ನು, ತೋಳಿನ ಮೇಲೆ ನವಿರಾದ ಕೂದಲು ಬೆಳೆಯಬಹುದು. ಮುಟ್ಟು ನಿಲ್ಲುತ್ತೆ. ಮೂಳೆ ತೆಳುವಾಗುತ್ತೆ. ಮೂಳೆ ಗಟ್ಟಿಯಾಗಬೇಕಾದ ಹದಿಹರೆಯದಲ್ಲೇ ಹೀಗಾದರೆ ಆ ನಷ್ಟ ಪೂರ್ತಿ ತುಂಬದೇ ಹೋಗಬಹುದು. ಹೃದಯದ ಸ್ನಾಯುವೂ ಸೊರಗುತ್ತೆ.

ವಾಂತಿ ಮಾಡಿಕೊಳ್ಳುವವರಲ್ಲಿ ಅಪಾಯ ಬೇರೆ ತರಹ. ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು ಹೃದಯದ ಲಯ ತಪ್ಪಬಹುದು, ಅದೂ ಮುನ್ಸೂಚನೆ ಇಲ್ಲದೆ. ಹಲ್ಲಿನ ಎನಾಮಲ್ ಕರಗುತ್ತೆ. ಎಷ್ಟೋ ಸಲ ಮೊದಲು ಅನುಮಾನ ಬರುವುದೇ ಹಲ್ಲಿನ ಡಾಕ್ಟರಿಗೆ. ಕೆನ್ನೆಯ ಕೆಳಗಿನ ಜೊಲ್ಲು ಗ್ರಂಥಿ ಊದಿ ಮಂಗನಬಾವು ಬಂದ ಹಾಗೆ ಕಾಣಬಹುದು. ಭೇದಿ ಆಗಲಿ ಅಂತ ನುಂಗುವ ಮಾತ್ರೆ ತೂಕ ಇಳಿಸಲ್ಲ, ನೀರು ಮತ್ತು ಲವಣ ಕಳೆಯುತ್ತೆ ಅಷ್ಟೇ.

ಮನಸ್ಸಿಗೆ ಆಗೋದನ್ನು ಮೇಲೆ ಹೇಳಾಗಿದೆ. ಓದು, ಸ್ನೇಹ, ನಗು ಎಲ್ಲ ಒಂದೊಂದಾಗಿ ಕಳಚಿಕೊಳ್ಳುತ್ತೆ.

ಬ್ಲಡ್ ರಿಪೋರ್ಟ್ ನಾರ್ಮಲ್ ಬಂದಿದೆಯಲ್ಲ?

ನಾರ್ಮಲ್ ರಿಪೋರ್ಟ್ ಇದ್ದೂ ಅಪಾಯದಲ್ಲಿರಬಹುದು. ನಾಡಿ, ಕೂತಾಗ ನಿಂತಾಗಿನ ಬಿಪಿ, ಇಸಿಜಿ ನೋಡಿಸಿ.

ಮುಟ್ಟು ನಿಂತಿದ್ದಕ್ಕೆ ಮಾತ್ರೆ ಕೊಟ್ಟಿದ್ದಾರೆ, ಈಗ ತಿಂಗಳು ತಿಂಗಳು ಆಗ್ತಿದೆ. ಸರಿಹೋಯ್ತಾ?

ಮಾತ್ರೆಯಿಂದ ಬರುವ ರಕ್ತಸ್ರಾವ ದೇಹ ಸುಧಾರಿಸಿದ್ದರ ಗುರುತಲ್ಲ. ಮೂಳೆಯನ್ನೂ ಅದು ಕಾಪಾಡಲ್ಲ. ಸುಳ್ಳು ಸಮಾಧಾನ ಕೊಡುತ್ತೆ ಅನ್ನೋದೇ ನನ್ನ ತಕರಾರು. ಕಡಿಮೆ ತಿಂದು ನಿಂತ ಮುಟ್ಟು ಸಾಕಷ್ಟು ತಿಂದು, ತೂಕ ಬಂದ ಮೇಲೆ ತಾನಾಗಿ ವಾಪಸ್ ಬರಬೇಕು.

ಪಿಸಿಒಡಿ ಇರುವವರ ಮಾತು ಬೇರೆ. ಅವರಲ್ಲಿ ಬಿಂಜ್ ಈಟಿಂಗ್ ಜಾಸ್ತಿ ಕಾಣುತ್ತೆ. ‘ಮೊದಲು ತೂಕ ಇಳಿಸಮ್ಮ’ ಅನ್ನುವ ಒಂದೇ ಸಾಲಿನ ಸಲಹೆ ಅವರನ್ನು ಇನ್ನಷ್ಟು ಸಿಕ್ಕಿಸಬಹುದು. ಹಿಡಿತ ತಪ್ಪಿ ತಿನ್ನುವುದಿದ್ದರೆ ಲೇಡಿ ಡಾಕ್ಟರಿಗೆ ನಾಚಿಕೆ ಬಿಟ್ಟು ಹೇಳಿ.

ತಕ್ಷಣ ಆಸ್ಪತ್ರೆಗೆ ಓಡಬೇಕಾದ್ದು ಯಾವಾಗ?

ತಲೆಸುತ್ತಿ ಬಿದ್ದರೆ, ಎದೆ ನೋವು ಅಥವಾ ಎದೆ ಬಡಿತ ಏರುಪೇರಾದರೆ, ಕೂತಲ್ಲಿಂದ ಕೈ ಊರದೆ ಏಳೋಕಾಗದಷ್ಟು ನಿಶ್ಶಕ್ತಿ ಇದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ನೀರೂ ಬೇಡ ಅಂದರೆ, ಫಿಟ್ಸ್ ಬಂದರೆ, ಗೊಂದಲವಾಗಿ ಮಾತಾಡಿದರೆ, ಸಾಯುವ ಮಾತಾಡಿದರೆ. ‘ನಾಳೆ ನೋಡೋಣ’ ಬೇಡ, 108ಕ್ಕೆ ಕರೆ ಮಾಡಿ.

ಚೆನ್ನಾಗಿ ತುಪ್ಪ, ಹಾಲು ಕೊಟ್ಟು ತಿನ್ನಿಸಿಬಿಟ್ಟರೆ ಆಯ್ತಲ್ವಾ?

ತುಂಬಾ ದಿನ ಉಪವಾಸ ಇದ್ದವರಿಗೆ ಒಮ್ಮೆಲೇ ಜಾಸ್ತಿ ಕೊಡೋದು ಅಪಾಯ. ಇದನ್ನು ಡಾಕ್ಟರುಗಳು ರೀಫೀಡಿಂಗ್ ಸಿಂಡ್ರೋಮ್ ಅನ್ನುತ್ತಾರೆ. ಊಟ ಒಳಗೆ ಹೋದ ಕೂಡಲೇ ಇನ್ಸುಲಿನ್ ಏರಿ, ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ ಜೀವಕೋಶದೊಳಗೆ ಹೊರಟುಹೋಗುತ್ತವೆ, ಹೃದಯ ತತ್ತರಿಸುತ್ತೆ. ಎರಡನೇ ಮಹಾಯುದ್ಧದಲ್ಲಿ ಬಿಡುಗಡೆಯಾದ ಕೈದಿಗಳಲ್ಲಿ ಇದು ಕಂಡಿತ್ತು. ಆದ್ದರಿಂದ ತೀರಾ ಸೊರಗಿದವರಿಗೆ ಮೊದಲ ಕೆಲವು ದಿನ ಆಸ್ಪತ್ರೆಯಲ್ಲೇ, ರಕ್ತ ಪರೀಕ್ಷೆ ಮಾಡುತ್ತಾ, ಥಯಾಮಿನ್ (ವಿಟಮಿನ್ ಬಿ1) ಕೊಟ್ಟು ಊಟ ಏರಿಸುತ್ತಾರೆ.

ಹಾಗಾದರೆ ಚಿಕಿತ್ಸೆ ಏನು?

ಹದಿಹರೆಯದವರ ಅನೊರೆಕ್ಸಿಯಾಕ್ಕೆ ಅತಿ ಹೆಚ್ಚು ಆಧಾರ ಇರುವುದು ಕುಟುಂಬವನ್ನೇ ಜೊತೆ ಸೇರಿಸಿಕೊಳ್ಳುವ ಚಿಕಿತ್ಸೆಗೆ. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಇದು ಬೆಳೆಯಿತು. ಮೊದಲು ಏನು, ಎಷ್ಟು, ಯಾವಾಗ ತಿನ್ನಬೇಕು ಅನ್ನೋದನ್ನು ಅಪ್ಪ ಅಮ್ಮ ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ತೂಕ ಸುಧಾರಿಸಿದಂತೆ ಆ ಜವಾಬ್ದಾರಿ ಸ್ವಲ್ಪ ಸ್ವಲ್ಪವಾಗಿ ಮಗುವಿಗೆ ವಾಪಸ್ ಹೋಗುತ್ತೆ. ಕೊನೆಗೆ ಓದು, ಸ್ನೇಹ, ಸ್ವಾತಂತ್ರ್ಯದ ಮಾತು. ಕೂಡಿ ಕೂತು ಉಣ್ಣುವ ರೂಢಿ ಇರುವ ನಮ್ಮ ಮನೆಗಳಿಗೆ ಇದು ಚೆನ್ನಾಗಿ ಹೊಂದುತ್ತೆ ಅಂತ ನನಗನ್ನಿಸುತ್ತೆ. ತೊಡಕು ಒಂದೇ: ಅಮ್ಮ ‘ಎರಡು ಚಪಾತಿ’ ಅಂದಾಗ ಅಜ್ಜಿ ‘ಪಾಪ, ಬಿಡೇ, ಒಂದು ಸಾಕು’ ಅನ್ನಬಾರದು. ಬಡಿಸುವವರೆಲ್ಲರದೂ ಒಂದೇ ಮಾತಾಗಿರಬೇಕು.

ಬುಲಿಮಿಯಾ, ಬಿಂಜ್ ಈಟಿಂಗ್ ಇರುವ ದೊಡ್ಡವರಿಗೆ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಒಳ್ಳೆಯದು. ಆಕ್ಸ್‌ಫರ್ಡ್‌ನ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಕ್ರಮದಲ್ಲಿ ಸಾಮಾನ್ಯವಾಗಿ 20 ವಾರಗಳಲ್ಲಿ 20 ಭೇಟಿ. ಮೊದಲ ಪಾಠ ಕೇಳಿದರೆ ಅಚ್ಚರಿಯಾಗುತ್ತೆ: ಕಡಿಮೆ ತಿನ್ನೋದಲ್ಲ, ಹೊತ್ತು ಹೊತ್ತಿಗೆ ತಿನ್ನೋದು. ಬೆಳಿಗ್ಗೆ ತಿಂಡಿ ಬಿಟ್ಟವರೇ ರಾತ್ರಿ ಹಿಡಿತ ತಪ್ಪುವುದು.

ಔಷಧದ ವಿಷಯದಲ್ಲಿ, ಬುಲಿಮಿಯಾಕ್ಕೆ ಫ್ಲುಯೊಕ್ಸೆಟಿನ್ ನೆರವಾಗುತ್ತೆ. ಅನೊರೆಕ್ಸಿಯಾವನ್ನು ವಾಸಿ ಮಾಡುವ ಮಾತ್ರೆ ಇಲ್ಲ, ಅಲ್ಲಿ ಊಟವೇ ಮೊದಲ ಔಷಧ. ಖಿನ್ನತೆಗೆ ಕೊಡುವ ಬುಪ್ರೊಪಿಯಾನ್ ಈ ಎರಡರಲ್ಲಿ ಯಾವ ಕಾಯಿಲೆ ಇದ್ದರೂ ಕೂಡದು, ಫಿಟ್ಸ್ ಬರುವ ಅಪಾಯ ಇದೆ. ಬೇರೆ ಡಾಕ್ಟರ ಹತ್ತಿರ ಹೋದಾಗ ಕಾಯಿಲೆ ಮುಚ್ಚಿಡಬಾರದು ಅನ್ನೋದು ಇದಕ್ಕೇ.

ಮಗಳ ಹತ್ತಿರ ಮಾತು ಹೇಗೆ ತೆಗೆಯೋದು?

ಊಟದ ಹೊತ್ತಲ್ಲಿ ಬೇಡ. ಹತ್ತು ಜನರ ಮುಂದೆ ಬೇಡ. ‘ಒಂದು ತುತ್ತು ತಿಂದರೆ ಏನಾಗುತ್ತೆ ನಿಂಗೆ?’, ‘ಊಟ ಇಲ್ಲದೆ ಸಾಯೋರಿದ್ದಾರೆ’ ಇವೆಲ್ಲ ಅವಳು ಆಗಲೇ ತನಗೆ ತಾನೇ ನೂರು ಸಲ ಹೇಳಿಕೊಂಡಾಗಿದೆ. ಬದಲಿಗೆ, ‘ಪುಟ್ಟಾ, ಇತ್ತೀಚೆಗೆ ನಿಂಗೆ ಊಟ ಅಂದ್ರೆ ಭಯ ಆಗ್ತಿದೆ ಅನ್ಸುತ್ತೆ. ನಂಗೆ ಗಾಬರಿ ಆಗ್ತಿದೆ. ಇಬ್ರೂ ಒಟ್ಟಿಗೆ ಡಾಕ್ಟರ ಹತ್ರ ಹೋಗೋಣ’ ಅನ್ನಿ. ಮೊದಲ ಸಲ ಬಾಗಿಲು ಬಡಿದುಕೊಂಡು ಹೋಗಬಹುದು. ಎರಡು ದಿನ ಬಿಟ್ಟು ಮತ್ತೆ ಕೇಳಿ.

ಸುಧಾರಿಸುವಾಗ ‘ಈಗ ಮುಖದಲ್ಲಿ ಕಳೆ ಬಂತು ನೋಡು’ ಅನ್ನೋಣ ಅನ್ನಿಸುತ್ತೆ. ಅವಳ ಕಿವಿಗೆ ಅದು ‘ದಪ್ಪ ಆದೆ’ ಅಂತ ಕೇಳುತ್ತೆ. ಮೈ ಬಗ್ಗೆ ಒಳ್ಳೆಯದೂ ಬೇಡ, ಕೆಟ್ಟದ್ದೂ ಬೇಡ.

ಮದುವೆ ಮಾಡಿದರೆ ಸರಿಹೋಗುತ್ತಾ?

ಇಲ್ಲ.

ನಮ್ಮ ಹುಡುಗಿ ಬಳಪ, ಮಣ್ಣು ತಿನ್ನುತ್ತಾಳೆ. ಇದೂ ಇದೇನಾ?

ಇದು ಪೈಕಾ, ಬೇರೆ ಬಗೆ. ಮೊದಲು ಹಿಮೋಗ್ಲೋಬಿನ್, ಕಬ್ಬಿಣಾಂಶ ಪರೀಕ್ಷೆ ಮಾಡಿಸಿ. ಕಬ್ಬಿಣದ ಕೊರತೆ ತುಂಬಿದ ಮೇಲೆ ಎಷ್ಟೋ ಜನರಿಗೆ ಆ ಆಸೆಯೇ ಹೋಗುತ್ತೆ. ಬಸುರಿಯರಲ್ಲೂ ಇದು ಸಾಮಾನ್ಯ.

ಪೂರ್ತಿ ವಾಸಿಯಾಗುತ್ತಾ?

ಬಹಳಷ್ಟು ಜನಕ್ಕೆ ಆಗುತ್ತೆ, ಆದರೆ ಸಮಯ ಹಿಡಿಯುತ್ತೆ. ಅಮೆರಿಕದ ಬಾಸ್ಟನ್‌ನಲ್ಲಿ ಅನೊರೆಕ್ಸಿಯಾ, ಬುಲಿಮಿಯಾ ಇದ್ದ ಮಹಿಳೆಯರನ್ನು 22 ವರ್ಷ ಹಿಂಬಾಲಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಂಬತ್ತು ವರ್ಷದ ಹೊತ್ತಿಗೆ ಅನೊರೆಕ್ಸಿಯಾದಿಂದ ಚೇತರಿಸಿಕೊಂಡವರು ಮೂರನೇ ಒಂದಕ್ಕಿಂತ ಕಡಿಮೆ. 22 ವರ್ಷದ ಹೊತ್ತಿಗೆ ಹೆಚ್ಚುಕಮ್ಮಿ ಮೂರನೇ ಎರಡರಷ್ಟು. ಅಂದರೆ ‘ಇಷ್ಟು ವರ್ಷ ಆಯ್ತು, ಇನ್ನೇನು’ ಅಂತ ಕೈಬಿಟ್ಟವರಲ್ಲೂ ಎಷ್ಟೋ ಜನ ಎದ್ದು ಬಂದರು. ಬೇಗ ಚಿಕಿತ್ಸೆ ಶುರುವಾದರೆ ದಾರಿ ಚಿಕ್ಕದಾಗುತ್ತೆ. ಮಧ್ಯೆ ಮರುಕಳಿಸುವುದು ಸಾಮಾನ್ಯ, ಅದನ್ನು ಸೋಲು ಅಂತ ಎಣಿಸಬೇಡಿ.

ಅವಳಿಗೆ 22 ವರ್ಷ. ಡಾಕ್ಟರ ಹತ್ತಿರ ಬರಲ್ಲ ಅಂದರೆ ಏನು ಮಾಡೋದು?

ಎಳೆದುಕೊಂಡು ಹೋಗೋಕಾಗಲ್ಲ. ‘ಮಾನಸಿಕ’ ಅನ್ನೋ ಮಾತು ಬೇಡದಿದ್ದರೆ ತಲೆಸುತ್ತು, ಮುಟ್ಟು, ಕೂದಲು ಉದುರುವುದು, ಅವಳಿಗೆ ಯಾವುದು ತೊಂದರೆ ಅನ್ನಿಸುತ್ತೋ ಅದನ್ನೇ ಮುಂದಿಟ್ಟು ಫ್ಯಾಮಿಲಿ ಡಾಕ್ಟರಿಂದ ಶುರು ಮಾಡಿ. ಅವಳು ಬರದಿದ್ದರೂ ನೀವು ಹೋಗಿ ಸಲಹೆ ಕೇಳಬಹುದು. ಜೀವಕ್ಕೆ ಅಪಾಯ ಇದ್ದು ಒಪ್ಪದಿದ್ದಾಗ ದಾಖಲು ಮಾಡಿಕೊಳ್ಳುವ ದಾರಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿದೆ, ಅದಕ್ಕೆ ಕಟ್ಟುನಿಟ್ಟಿನ ಷರತ್ತುಗಳಿವೆ. ಆಸ್ಪತ್ರೆಯವರು ವಿವರಿಸುತ್ತಾರೆ.

ಕರ್ನಾಟಕದಲ್ಲಿ ಎಲ್ಲಿಗೆ ಹೋಗೋದು?

ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯ ಸಂಸ್ಥೆಗಳಿವೆ. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇರುತ್ತೆ, ಜಿಲ್ಲಾ ಆಸ್ಪತ್ರೆಯಲ್ಲೂ ವಿಚಾರಿಸಿ. ಊರು ದೂರ ಇದ್ದರೆ ಮೊದಲು ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ: 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಉಚಿತ ಸೇವೆ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಮನೋವೈದ್ಯರು, ಕೌನ್ಸೆಲರ್, ಡಯಟೀಷಿಯನ್, ಫಿಸಿಷಿಯನ್ ಒಟ್ಟಾಗಿ ನೋಡುವ ಕಡೆ ಸಿಕ್ಕರೆ ಒಳ್ಳೆಯದು. ಡಯಟೀಷಿಯನ್ ಒಬ್ಬರಿಂದಲೇ ಇದು ಆಗುವ ಕೆಲಸವಲ್ಲ. ತೂಕ ಇಳಿಸುವ ಕ್ಲಿನಿಕ್ಕುಗಳ ಹತ್ತಿರವಂತೂ ಹೋಗಲೇಬೇಡಿ.

ಇನ್ಶೂರೆನ್ಸ್ ಸಿಗುತ್ತಾ?

ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅಂತ ಅದೇ 2017ರ ಕಾಯ್ದೆ ಹೇಳುತ್ತೆ. ಅದು ಜಾರಿಗೆ ಬಂದದ್ದು 2018ರ ಮೇ 29ರಂದು. ಆದರೆ ಎಷ್ಟೋ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುತ್ತವೆ, ವಾರವಾರದ ಕೌನ್ಸೆಲಿಂಗ್‌ಗೆ ಕೊಡಲ್ಲ. ಚಿಕಿತ್ಸೆ ಶುರು ಮಾಡುವ ಮೊದಲು ಪಾಲಿಸಿಯ ಒಪಿಡಿ (ದಾಖಲಾಗದೆ ಪಡೆಯುವ ಚಿಕಿತ್ಸೆ) ಭಾಗ ಓದಿ. ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ, ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡುವಾಗ ಅದು ಬೇಕಾಗುತ್ತೆ.